ಬಂದರಿಗೆ ಬಾರದ ದೋಣಿ

ನಾಲ್ಕನೆಯ ದಿನ ಬೆಳಿಗ್ಗೆ ಎಂದಿನಂತೆ ಹಾಲಿನ ಪ್ಯಾಕೆಟ್ ಬಂತು.

ಮೂರು ದಿನ ಆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಗಂಜಿ, ಚಹಾ ಎಲ್ಲ ಪಕ್ಕದ ಮನೆಯ ರಾಜೀವಿ ತಂದುಕೊಡುತ್ತಿದ್ದಳು. ನೆಂಟರು ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಇಂದು ಹಾಲಿನವನು ಗೇಟಿನ ಕೊಕ್ಕೆಗೆ ಚೀಲ ಸಿಕ್ಕಿಸಿ ಹೋದ. ಒಳಗೆ ಎರಡು ಪ್ಯಾಕೆಟ್. ಇನ್ನು ಒಂದು ಸಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಪ್ರಣೀತಾ ಎರಡನ್ನೂ ಕಾಯಿಸಲು ಇಟ್ಟಳು. ಹಾಲು ಉಕ್ಕುವವರೆಗೂ ನೋಡುತ್ತ ನಿಂತಳು. ಉಕ್ಕಿದ ಮೇಲೂ ನಿಂತೇ ಇದ್ದಳು. ಒಲೆ ಆರಿಸಿದ್ದು ಅತ್ತೆ ಗುಲಾಬಿ.

ಪ್ರಣೀತಾಳಿಗೆ ಅಳು ಬರುತ್ತಿರಲಿಲ್ಲ. ಅದು ಎಲ್ಲಿ ಹೋಯಿತೆಂದು ಅವಳಿಗೂ ತಿಳಿಯದು. ಶಿರೂರಿನ ಮರಳಿನ ಮೇಲೆ ಮಲಗಿಸಿದ್ದ ಗಂಡ ರತನನ ಮುಖದ ಬಟ್ಟೆ ಸರಿಸಿದಾಗಲೂ ಪೊಲೀಸರ ಪ್ರಶ್ನೆಗಳಿಗೆ ಅವಳೇ ಉತ್ತರ ಹೇಳಿದ್ದಳು. ವಯಸ್ಸು ಮೂವತ್ತೊಂದು. ಕೆಲಸ, ಬೋಟು ನಡೆಸುವ ತಾಂಡೇಲ. ಮದುವೆಯಾಗಿ ಹದಿನಾಲ್ಕು ತಿಂಗಳು. ಹೌದು, ಇವರೇ.

ಮಳೆಗಾಲದ ಎರಡು ತಿಂಗಳ ರಜೆ ಮುಗಿದು ಬೋಟುಗಳು ಕಡಲಿಗಿಳಿದ ಮೊದಲ ವಾರ ಅದು. ಐದನೆಯ ದಿನ ಮೀನು ತುಂಬಿಕೊಂಡು ಹಿಂದೆ ಬರುವಾಗ, ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ದೊಡ್ಡದೊಂದು ತೆರೆ ಬೋಟನ್ನು ಮಗುಚಿತು. ಬಂದರಿನಲ್ಲಿ ನಿಂತವರ ಮುಖ ಕಾಣುವಷ್ಟು ಹತ್ತಿರ. ಉಳಿದ ಆರು ಮಂದಿ ಈಜಿ ದಡ ಸೇರಿದರು. ರತನ್ ಮೂರು ದಿನ ಬಿಟ್ಟು, ಬೈಂದೂರು ದಾಟಿ, ಶಿರೂರಿನಲ್ಲಿ ಸಿಕ್ಕಿದ. ಅಂದು ಸಂಜೆಯೇ ದಹನವಾಯಿತು.

ಗುಲಾಬಿ ಹಾಲಿನ ಪಾತ್ರೆ ಮುಚ್ಚಿ ಅಂಗಳಕ್ಕೆ ಹೋದರು. ಮನೆ ತೀರಾ ಸುಮ್ಮನಾಯಿತು. ಆಗಲೇ ಪ್ರಣೀತಾಳಿಗೆ ಆ ಸದ್ದು ಕೇಳಿಸಿದ್ದು.

ಸಣ್ಣ ಫ್ಯಾನೊಂದು ತಿರುಗುವ ಸದ್ದು. ಟಿವಿಯ ಕೆಳಗಿನಿಂದ.

ಅವಳು ಹೋಗಿ ಟಿವಿ ಹಾಕಿದಳು.

ಪರದೆಯ ತುಂಬ ಸಮುದ್ರ. ನಡುವೆ ಒಂದು ಹಾಯಿದೋಣಿ. ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು ನಿಂತ ಮನುಷ್ಯ. ಎದ್ದ ತೆರೆ ಎದ್ದಲ್ಲೇ ನಿಂತಿತ್ತು. ಮೂಲೆಯಲ್ಲಿ, ಆಟ ನಿಲ್ಲಿಸಿದೆ ಎಂಬ ಗುರುತಿಗೆ, ಎರಡು ಬಿಳಿ ಗೆರೆ.

ರತನ್ ಹೋಗುವಾಗ ನಿಲ್ಲಿಸಿಟ್ಟ ಆಟ. ಹನ್ನೆರಡು ದಿನದಿಂದ ಆ ದೋಣಿ ಅಲ್ಲೇ ಇತ್ತು... ಅವನಿಗಾಗಿ ಕಾಯುತ್ತ.

ಪ್ರಣೀತಾ ಅದರ ಮುಂದೆ ಕುಳಿತಳು.

*

ಅವನನ್ನು ಮೊದಲ ಸಲ ಕಂಡಾಗ ಅವಳ ಕೈಯಲ್ಲಿ ಐವತ್ತು ಪ್ರಶ್ನೆಪತ್ರಿಕೆಗಳಿದ್ದವು.

ಅರ್ಥಶಾಸ್ತ್ರದ ಎಂ.ಎ. ಕೊನೆಯ ವರ್ಷ. ಮೀನುಗಾರರ ಆದಾಯದ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ತಲ್ಲೂರಿನ ತನ್ನ ಮನೆಯಿಂದ ಗಂಗೊಳ್ಳಿಯ ಬಂದರಿಗೆ ಹೋಗಿ, ಬಲೆ ಬಿಡಿಸುತ್ತ ಕುಳಿತಿದ್ದವನೊಬ್ಬನನ್ನು ಕೇಳತೊಡಗಿದಳು. ಅವನು ತಲೆಯೆತ್ತದೆ ಎಲ್ಲಕ್ಕೂ ಉತ್ತರ ಕೊಟ್ಟ. ಕೊನೆಗೆ ಕಾಗದದ ಕಡೆ ಬಗ್ಗಿ ನೋಡಿದ.

"ಮೇಡಂ, ಮನ್ಯಂಗೆ ಕಾಯುವರ್ ಯಾರ್ ಇದ್ರ್ ಅಂದ್ ಕೇಂಬ ಪ್ರಶ್ನಿ ಇಲ್ಯಾ ಇದ್ರಂಗೆ?"

ಇಲ್ಲ ಎಂದಳು.

"ಸೇರ್ಸ್ಕಣಿ. ನಂದ್ ಖಾಲಿ ಇತ್ತ್."

ಅವಳ ಪೆನ್ನು ಕೆಳಗೆ ಬಿತ್ತು. ಎತ್ತಿಕೊಟ್ಟವನು ನಗಲೂ ಇಲ್ಲ. ಎರಡು ವರ್ಷದ ನಂತರ ಅವಳು ಕೋಡಿಯ ಈ ಮನೆಗೆ ಸೊಸೆಯಾಗಿ ಬಂದಳು. ಕಾಯುವ ಕೆಲಸ ಅವಳದಾಯಿತು.

ಕಾಯುವುದು ಇಷ್ಟು ಕಷ್ಟವೆಂದು ಆಗ ಗೊತ್ತಿರಲಿಲ್ಲ. ಬೋಟು ಹೋದರೆ ಐದು ದಿನ, ಒಮ್ಮೊಮ್ಮೆ ಎಂಟು ದಿನ. ಬೈಂದೂರಿನ ಕಾಲೇಜಿನಲ್ಲಿ ಪಾಠ ಮಾಡಿ ಬಸ್ಸಿಳಿದು ಬರುವಾಗ, ಪ್ರತಿ ಸಲ ಮೊದಲು ಕಣ್ಣು ಹೋಗುವುದು ಜಗಲಿಯ ಚಪ್ಪಲಿಗಳ ಕಡೆ. ಹಾಗಾಗಿ ಜೂನ್ ಬಂದಾಗ ಅವಳಿಗೆ ಹಬ್ಬ. ಎರಡು ತಿಂಗಳು ಕಡಲಿಗೆ ಹೋಗುವಂತಿಲ್ಲ. ಎರಡು ತಿಂಗಳು ಅವನು ತನ್ನವನು.

ಜೂನ್ ಎರಡನೆಯ ವಾರದಲ್ಲಿ ಅವನು ಬ್ರಹ್ಮಾವರದಿಂದ ವಿಡಿಯೋ ಗೇಮಿನ ಆ ಕಪ್ಪು ಪೆಟ್ಟಿಗೆ ತಂದ. ಗೆಳೆಯ ಜಿತೇಂದ್ರನದು. ಜಿತೇಂದ್ರನಿಗೆ ಅಲ್ಲಿ ಮೋಟಾರು ವೈಂಡಿಂಗಿನ ಅಂಗಡಿ. ಮಳೆಗಾಲ ಮುಗಿಯುವವರೆಗೆ ಇಟ್ಟುಕೊಳ್ಳಲೆಂದು ಕೊಟ್ಟಿದ್ದ. ಜೊತೆಗೆ ಒಂದೇ ಒಂದು ಆಟ. ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿತ್ತು. ರತನ್ ಅದನ್ನು ದೋಣಿ ಆಟ ಎನ್ನುತ್ತಿದ್ದ.

ಎಂಥ ಆಟ ಅದು! ಬಲಕ್ಕೆ ತಿರುಗಿಸಿದರೆ ದೋಣಿ ತಿರುಗುವುದು ನಾಲ್ಕು ಎಣಿಸಿದ ಮೇಲೆ. ಗಾಳಿ ಬಂದರೆ ಹಾಯಿ ಅಡ್ಡ ಬಂದು ಮುಂದಿನದೇನೂ ಕಾಣದು. ನಕ್ಷೆ ತೆರೆದರೆ ಪರದೆಯೆಲ್ಲ ನಕ್ಷೆ, ಅದರ ಹಿಂದೆ ದೋಣಿ ಮಾತ್ರ ತನ್ನಷ್ಟಕ್ಕೆ ಹೋಗಿ ಬಂಡೆಗೆ ಗುದ್ದುತ್ತಿರುತ್ತದೆ. ಗಾಳಿಯ ದಿಕ್ಕು ತೋರಿಸುವ ಬಾವುಟ ಹಾರುವುದು ಗಾಳಿಗೆ ಎದುರಾಗಿ. ನಿಜವಾದ ತಾಂಡೇಲ ಅದರ ಮುಂದೆ ಕುಳಿತು ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಬಯ್ಯುತ್ತಲೇ ಆಡುತ್ತಿದ್ದ.

ಆದರೆ ಆ ಆಟದ ಸಮುದ್ರ! ಮಳೆ ಬರುವ ಮೊದಲು ನೀರು ಕಪ್ಪಾಗುವ ರೀತಿ, ಸಂಜೆ ತೆರೆಯ ಬೆನ್ನ ಮೇಲೆ ಬೆಳಕು ಹರಿಯುವ ರೀತಿ... ಆಗ ಅವನು ಸುಮ್ಮನಾಗುತ್ತಿದ್ದ. ಉತ್ತರಪತ್ರಿಕೆ ತಿದ್ದುತ್ತ ಕುಳಿತ ಅವಳ ಮಂಡಿ ತಟ್ಟುತ್ತಿದ್ದ.

"ಕಾಣ್, ಕಾಣ್. ಇದ್ನ ಮಾಡ್ದವ ಸಮುದ್ರ ಸಮಾ ಕಂಡಿದಾ. ದೋಣಿ ಮಾತ್ರ ಕಾಣ್ಲಿಲ್ಲ."

ಕರೆಂಟು ಹೋದರೆ ಆಟ ಹಾಳಾಗಬಾರದೆಂದು ಬೋಟಿನ ಹಳೆಯ ಬೆಟ್ರಿ ತಂದು, ಸಣ್ಣ ಇನ್ವರ್ಟರ್ ಜೋಡಿಸಿದ. ಕರೆಂಟಿನಿಂದ ಬೆಟ್ರಿಗೆ, ಬೆಟ್ರಿಯಿಂದ ಪೆಟ್ಟಿಗೆಗೆ. ಹಗಲೂ ರಾತ್ರಿ ಅದು ಚಾಲೂ. ಒಮ್ಮೆಯೂ ಬಂದ್ ಮಾಡಲಿಲ್ಲ.

ಪ್ರಣೀತಾಳಿಗೆ ಚುಚ್ಚಿದ್ದು ಅದಲ್ಲ. ಒಂದು ದಿನ ದೋಣಿ ತಿರುಗಿ ತಿರುಗಿ ಕೊನೆಗೊಂದು ಬಂದರಿನ ಎದುರಿಗೆ ಬಂತು. ದೀಪಗಳು, ಹೆಂಚಿನ ಮನೆಗಳು, ಕಟ್ಟೆಯ ಮೇಲೆ ನಿಂತ ಜನ. ಅವಳು ಪತ್ರಿಕೆ ಬದಿಗಿಟ್ಟು ನೋಡಿದಳು. ರತನ್ ಬಂದರಿನ ಬಾಯಿಯವರೆಗೆ ಹೋಗಿ, ದೋಣಿ ತಿರುಗಿಸಿ, ಮತ್ತೆ ಕಡಲಿಗೆ ಹೊರಟ.

ಮರುದಿನವೂ ಹಾಗೆಯೇ. ಮುಂದಿನ ವಾರವೂ.

ಜುಲೈ ಕೊನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ನಾಳೆಯಿಂದ ಮತ್ತೆ ಕಾಯುವುದು ಶುರುವಾಗುವ ಸಂಕಟ ಎದೆಯಲ್ಲಿ ತುಂಬಿತ್ತು. ಯಾಕೆ ಒಳಗೆ ಹೋಗುವುದಿಲ್ಲ ಎಂದು ಕೇಳಿದಳು. ಅವನು ನಗುತ್ತ, ಅದೊಂದು ಕತೆ, ಎಂತ ಅಂದ್ರೆ ಎಂದು ಶುರು ಮಾಡಿದ. ಅವಳು ಮುಗಿಸಲು ಬಿಡಲಿಲ್ಲ.

"ಕತಿ ಬ್ಯಾಡ. ನಿಮ್ಗೆ ಹೊರಗೇ ಇರುಕ್ ಖುಷಿ. ಬಂದರ್ ಎದ್ರಿಗಿದ್ರೂ ಮನಿಗ್ ಬಪ್ಪುಕ್ ಮನ್ಸಿಲ್ಲ."

ಅವನ ನಗು ಹೋಯಿತು. ಆಟ ನಿಲ್ಲಿಸಿದ. ಅಂಗಳಕ್ಕೆ ಹೋಗಿ ಯಾರಿಗೋ ಫೋನ್ ಮಾಡಿದ. ಮರುದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ.

"ಅದ್ನ ಬಂದ್ ಮಾಡ್ಬ್ಯಾಡ. ಬಂದ್ಕಂಡ್ ಹೇಳ್ತೆ."

ಅವಳು ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ.

*

ಗುಲಾಬಿ ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸು. ದುಃಖವನ್ನೂ ಕೆಲಸದ ಹಾಗೆ ಮಾಡುತ್ತಿದ್ದರು. ಆ ದಿನವೇ ಮಗ ಎರವಲು ತಂದ ಸಾಮಾನೆಲ್ಲ ಹೊರಗೆ ಹಾಕಿದರು. ನೆರೆಯ ಶೇಖರನ ಏಣಿ, ಇನ್ನೊಬ್ಬನ ಹೆಲ್ಮೆಟ್, ರಾಜೀವಿಯ ಮನೆಯ ಹಾರೆ. ಒಂದೊಂದನ್ನೂ ತಾವೇ ಕೊಂಡುಹೋಗಿ ಕೊಟ್ಟು ಬಂದರು. ಅದು ಅವರು ತಮ್ಮ ಅತ್ತೆಯಿಂದ ಕಲಿತದ್ದು: ಸತ್ತವನು ತಂದ ಎರವಲು ಮನೆಯಲ್ಲಿ ಉಳಿದರೆ ಅವನ ಕಾಲು ಹೊಸ್ತಿಲು ದಾಟುವುದಿಲ್ಲ. ಹದಿಮೂರನೆಯ ದಿನದ ಉತ್ತರಕ್ರಿಯೆಯಾದ ಬೊಜ್ಜದ ಒಳಗೆ ಎಲ್ಲ ಅವರವರ ಮನೆ ಸೇರಬೇಕು.

ಕೊನೆಗೆ ಉಳಿದದ್ದು ಟಿವಿಯ ಕೆಳಗಿನ ಪೆಟ್ಟಿಗೆ.

"ಬಂದ್ ಮಾಡಿ ಕೊಡ್ ಹೆಣ್ಣೆ. ನಾಳೆ ಜಿತೇಂದ್ರನ ಹತ್ರ ಕಳ್ಸುವ."

ಪ್ರಣೀತಾ ಪೆಟ್ಟಿಗೆಗೆ ಅಡ್ಡ ಕುಳಿತಳು. ಆ ಆಟವನ್ನು ಕಡಲ ನಡುವೆ ಉಳಿಸಿಡಲು ಆಗುವುದಿಲ್ಲ, ಬಂದರಿಗೆ ಹೋದರೆ ಮಾತ್ರ ಉಳಿಯುತ್ತದೆ ಎಂಬಷ್ಟು ಅವಳಿಗೆ ಗೊತ್ತಿತ್ತು. ಬಂದ್ ಮಾಡಿದರೆ ಆ ದೋಣಿ ಇಲ್ಲ. ಅವನು ಐವತ್ತು ದಿನ ಓಡಿಸಿದ್ದು ಇಲ್ಲ. ಒಂದು ಸಲ ಅಳಿವೆಯಲ್ಲಿ ಮುಳುಗಿದವನನ್ನು ತನ್ನ ಕೈಯಾರೆ ಇನ್ನೊಂದು ಸಲ...

"ಬೊಜ್ಜದ ಒಳ್ಗೆ ಕೊಡ್ತೆ ಅತ್ತೆ. ಅಲ್ಲಿವರಿಗೆ ಮುಟ್ಬೇಡಿ. ಇವ್ರನ್ನ ನಾ ಒಳ್ಗ್ ತತ್ತೆ."

ಗುಲಾಬಿ ಅವಳ ಮುಖವನ್ನೇ ನೋಡಿದರು. ಬುದ್ಧಿ ಸ್ವಾಧೀನದಲ್ಲಿದೆಯೋ ಇಲ್ಲವೋ ಎಂದು ನೋಡಿದ ಹಾಗಿತ್ತು. ಆಮೇಲೆ ಬಾವಿಕಟ್ಟೆಗೆ ಹೋದರು.

ಒಂಬತ್ತು ದಿನ. ಅಷ್ಟರೊಳಗೆ ದೋಣಿ ಬಂದರು ಸೇರಬೇಕು. ಬಂಡೆಗೆ ಬಡಿದು ಮುಳುಗಿದರೆ ಎಲ್ಲ ಮುಗಿಯಿತು.

ಮೊದಲ ದಿನ ಅವಳು ಎರಡು ನಿಮಿಷ ಆಡಿ ನಿಲ್ಲಿಸಿದಳು. ಬಲಕ್ಕೆ ಒತ್ತಿದಳು, ತಿರುಗಲಿಲ್ಲ, ಮತ್ತೆ ಒತ್ತಿದಳು. ಆಗ ಎರಡೂ ಸೇರಿ ದೋಣಿ ಗಿರಕಿ ಹೊಡೆಯಿತು. ಬಂಡೆಯೊಂದು ಪಕ್ಕದಲ್ಲೇ ಉಜ್ಜಿ ಹೋಯಿತು. ಚುಕ್ಕಾಣಿ ಹಿಡಿದವನು ಕದಲದೆ ನಿಂತಿದ್ದ.

ಎರಡನೆಯ ದಿನ ನಕ್ಷೆ ತೆರೆದು ಮುಚ್ಚುವಷ್ಟರಲ್ಲಿ ದಾರಿ ತಪ್ಪಿತು. ಮೂರನೆಯ ದಿನ ಬಂದರು ಯಾವ ದಿಕ್ಕಿಗೆ ಎಂಬುದೇ ತಿಳಿಯದಾಯಿತು. ಕಂಟ್ರೋಲರನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು. ಯಾಕೆ ಹೀಗೆ ಮಾಡಿದ್ದಾರೆ ಇದನ್ನು? ಮನೆಗೆ ಬರುವ ದಾರಿಯನ್ನು ಇಷ್ಟು ಕಷ್ಟ ಮಾಡಿ ಯಾರಿಗೆ ಏನು ಸಿಕ್ಕಿತು?

ಕಿಟಕಿಯಿಂದ ಕಂಡ ರಾಜೀವಿ ಬೀದಿಯಲ್ಲಿ ಹೇಳಿಕೊಂಡು ಬಂದಳು: ಗಂಡನ ಬೊಜ್ಜವೂ ಆಗಿಲ್ಲ, ಓದಿದ ಹೆಣ್ಣು ಟಿವಿ ಮುಂದೆ ಕುಳಿತು ಆಟ ಆಡುತ್ತಿದೆ. ಮಾತು ತಿರುಗಿ ಗುಲಾಬಿಯ ಕಿವಿಗೂ ಬಂತು. ಗುಲಾಬಿ ಬೇಲಿಯ ಬಳಿ ಹೋದರು.

"ಅದ್ ಆಡುದಲ್ಲ ರಾಜೀವಿ, ಹುಡ್ಕುದ್. ಮೂರ್ ದಿನ ನೀನೂ ನನ್ನೊಟ್ಟಿಗ್ ಕಡಲ್ ಕರೆಲಿ ಹುಡ್ಕಿದೆ ಅಲ್ದಾ?"

ರಾಜೀವಿ ಮತ್ತೆ ಆ ಮಾತು ಎತ್ತಲಿಲ್ಲ.

ಆ ಮಧ್ಯಾಹ್ನ ಗುಲಾಬಿ ಒಳಗೆ ಬಂದು ಪ್ರಣೀತಾಳ ಪಕ್ಕ ಕುಳಿತರು. ಅವನು ಎಲ್ಲಿದ್ದಾನೆಂದು ಕೇಳಿದರು. ಪ್ರಣೀತಾ ಬೆರಳು ತೋರಿಸಿದಳು. ಗುಲಾಬಿ ಕಣ್ಣು ಕಿರಿದು ಮಾಡಿ ಬಾವುಟ ನೋಡಿ, ಗಾಳಿ ಎಡದಿಂದ, ಬಲಕ್ಕೆ ಬಿಡು ಎಂದರು. ಬಿಟ್ಟಳು. ದೋಣಿ ನೇರ ಹಿಂದಕ್ಕೆ ಹೋಯಿತು.

"ಇದ್ನ ಮಾಡ್ದವ್ನ ಒಂದ್ಸಲ ನಮ್ ಬೋಟಿಗ್ ಹತ್ಸ್ಕ್ ಮಾರಾಯ್ತಿ," ಎಂದರು ಗುಲಾಬಿ. "ಅಳಿವಿ ದಾಟುದ್ರೊಳ್ಗೆ ಬುದ್ಧಿ ಬತ್ತಿತ್ತ್."

ಐದನೆಯ ದಿನ ಅವಳಿಗೆ ಗುಟ್ಟು ಹೊಳೆಯಿತು. ತಿರುಗಬೇಕಾದ ಜಾಗಕ್ಕಿಂತ ಮೊದಲೇ ಒತ್ತಿ, ಕೈ ಬಿಟ್ಟು, ನಾಲ್ಕು ಎಣಿಸಬೇಕು. ಒತ್ತಿದ ಮೇಲೆ ನಂಬಿ ಕೂರಬೇಕು. ದೋಣಿ ಮಾತು ಕೇಳಿತು. ಸಂಜೆಯ ಬೆಳಕು ತೆರೆಗಳ ಮೇಲೆ ಹಬ್ಬಿತು. ಹಾಯಿ ತುಂಬಿ, ದೋಣಿ ನೀರನ್ನು ಸೀಳಿಕೊಂಡು ಓಡಿತು. ಪ್ರಣೀತಾಳ ಬಾಯಿಂದ ಸಣ್ಣ ನಗು ಹೊರಟಿತು. ಪಕ್ಕಕ್ಕೆ ತಿರುಗಿ, ಕಾಣಿ ಎನ್ನಲು ಹೋದಳು.

ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಗ ಅಳು ಬಂತು. ಹದಿನೈದು ದಿನದ್ದು ಒಟ್ಟಿಗೆ. ಆಟ ನಿಲ್ಲಿಸುವಷ್ಟು ಎಚ್ಚರ ಮಾತ್ರ ಉಳಿದಿತ್ತು. ಅಷ್ಟು ಕೆಟ್ಟ ಆಟದಲ್ಲಿ ಅವನಿಗೆ ಏನು ಖುಷಿ ಸಿಗುತ್ತಿತ್ತೆಂದು ಈಗ ಅವಳಿಗೆ ತಿಳಿದಿತ್ತು. ಹೇಳಲು ಅವನಿರಲಿಲ್ಲ.

ಏಳನೆಯ ದಿನ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಬೆಳಿಗ್ಗೆಯೇ ಕರೆಂಟು ಹೋಯಿತು. ಮಧ್ಯಾಹ್ನವಾದರೂ ಬರಲಿಲ್ಲ. ನಾಲ್ಕು ಗಂಟೆಗೆ ಇನ್ವರ್ಟರು ಕೂಗತೊಡಗಿತು. ಬೆಟ್ರಿ ಮುಗಿಯುತ್ತ ಬಂದಿತ್ತು. ಪ್ರಣೀತಾ ಕಂಗಾಲಾಗಿ ಯಾರ್ಯಾರಿಗೋ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಬೇಡ... ಈಗಲೇ ಬೇಡ... ಇನ್ನು ಸ್ವಲ್ಪವೇ ದೂರ.

ಗುಲಾಬಿ ಎಲ್ಲೂ ಕಾಣಲಿಲ್ಲ. ಅರ್ಧ ಗಂಟೆಯಲ್ಲಿ ನೆನೆದು ತೊಪ್ಪೆಯಾಗಿ ಬಂದರು. ತಲೆಯ ಮೇಲೆ ಮೀನಿನ ಬುಟ್ಟಿ, ಬುಟ್ಟಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಬೋಟಿನ ಬೆಟ್ರಿ. ಯಾರ ಬೋಟಿನದೆಂದು ಹೇಳಲಿಲ್ಲ. ರತನ್ ಮಾಡುವುದನ್ನು ನೋಡಿದ್ದ ಪ್ರಣೀತಾ ಹೊಸದನ್ನು ಜೋಡಿಸಿ ಆಮೇಲೆ ಹಳೆಯದನ್ನು ಬಿಡಿಸಿದಳು. ಕೂಗು ನಿಂತಿತು. ಅತ್ತೆ ಸೊಸೆ ಇಬ್ಬರೂ ನೆಲದ ಮೇಲೆ ಕುಳಿತು ಆ ಫ್ಯಾನಿನ ಸದ್ದನ್ನು ಕೇಳಿದರು.

*

ಬೊಜ್ಜದ ಹಿಂದಿನ ದಿನ ಬೆಳಿಗ್ಗೆ ದೋಣಿ ಬಂದರಿನ ಎದುರಿಗೆ ಬಂತು.

ದೀಪಗಳು. ಹೆಂಚಿನ ಮನೆಗಳು. ಕಟ್ಟೆಯ ಮೇಲೆ 'ಬಾ' ಎನ್ನುವಂತೆ ಕೈ ಬೀಸುವ ಜನ. ಪ್ರಣೀತಾ ಉಸಿರು ಹಿಡಿದು ನಾಲ್ಕು ಎಣಿಸುತ್ತಿದ್ದಳು. ಬಂದರಿನ ಬಾಯಿ ಮುಟ್ಟುವಾಗ ಪರದೆಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರಗಳು ಮೂಡಿದವು. ಎಷ್ಟು ಸಣ್ಣವೆಂದರೆ, ಅವನ ಪಕ್ಕದಲ್ಲಿ ಕುಳಿತ ಇಷ್ಟು ದಿನದಲ್ಲಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಆಟ ನಿಲ್ಲಿಸಿ, ಎದ್ದು ಹೋಗಿ, ಟಿವಿಗೆ ಮುಖವಿಟ್ಟು ಓದಿದಳು.

ಬಂದರಿಗೆ ಬಂದೊಡನೆ ಈ ಪ್ರಯಾಣ ಉಳಿಯುತ್ತದೆ. ಮೊದಲು ಉಳಿಸಿದ ಪ್ರಯಾಣ ಅಳಿಸಿಹೋಗುತ್ತದೆ.

ಅದರ ಕೆಳಗೆ, ಅಳಿಸಿಹೋಗುವ ಪ್ರಯಾಣದ ಹೆಸರು. ಸ್ವಾತಿ. ಮೂರು ವರ್ಷ, ಎರಡು ತಿಂಗಳು.

ಸ್ವಾತಿ ಜಿತೇಂದ್ರನ ಹೆಂಡತಿ.

ಆ ಆಟದಲ್ಲಿ ಒಂದೇ ಒಂದು ಪ್ರಯಾಣಕ್ಕೆ ಜಾಗ. ಆ ಜಾಗದಲ್ಲಿ ಸ್ವಾತಿಯದಿತ್ತು. ಅದಕ್ಕೇ ಅವನು ಒಳಗೆ ಹೋಗಲಿಲ್ಲ. ಐವತ್ತು ದಿನ, ದೀಪ ಕಾಣುವಷ್ಟು ಹತ್ತಿರ ಬಂದು ಬಂದು, ಎರವಲು ಕೊಟ್ಟವರ ಸಾಮಾನು ಹಾಳು ಮಾಡಬಾರದೆಂದು ತಿರುಗಿ ಹೋದ. ಅದಕ್ಕೇ ಬಂದ್ ಮಾಡಲಿಲ್ಲ. ಇಷ್ಟು ಸಣ್ಣ ವಿಷಯ. ಇಷ್ಟನ್ನು ಹೇಳಲೂ ನಾನು ಬಿಡಲಿಲ್ಲವಲ್ಲ.

ಮನೆಗೆ ಬರಲು ಮನಸ್ಸಿಲ್ಲ ಎಂದೆನಲ್ಲ...

ಅವಳ ಬೆರಳು ಗುಂಡಿಯ ಮೇಲಿತ್ತು. ಒಂದು ಸಲ ಮುಂದಕ್ಕೆ ಒತ್ತಿದರೆ ಸಾಕು, ಅವನು ಒಳಗೆ. ಒತ್ತಿದರೆ ಅವನು ಇಷ್ಟು ದಿನ ಕಾದದ್ದೆಲ್ಲ ನೀರುಪಾಲು. ಬಂದ್ ಮಾಡಿದರೆ ಅವನೇ ನೀರುಪಾಲು.

ಎರಡೂ ಅವಳಿಂದ ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗುಲಾಬಿಗೆ ಎಲ್ಲ ಹೇಳಿದಳು. ಕೇಳಿ ಮುಗಿದ ಮೇಲೆ ಗುಲಾಬಿ ಮೀನಿನ ಬುಟ್ಟಿ ಹುಡುಕಿದರು.

"ಬಂದ್ ಮಾಡುದ್ ಬ್ಯಾಡ. ಹಾಂಗೇ ತಕಂಡ್ ಹೋಪ. ಬೆಟ್ರಿ ನಾ ಹೊತ್ಕಂತೆ."

*

ಬೊಜ್ಜಕ್ಕೆ ಮೊದಲು ವಿಧವೆ ಮನೆ ಬಿಟ್ಟು ಹೊರಡುವಂತಿಲ್ಲ. ಅದನ್ನು ಹೇಳಬೇಕಾದ ಅತ್ತೆಯೇ ಮುಂದೆ ನಡೆಯುತ್ತಿದ್ದುದರಿಂದ ಕೋಡಿಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಗುಲಾಬಿಯ ತಲೆಯ ಮೇಲೆ ಬುಟ್ಟಿ, ಅದರಲ್ಲಿ ಬೆಟ್ರಿ, ಇನ್ವರ್ಟರು. ಅಲ್ಲಿಂದ ಇಳಿದ ವಯರು ಪ್ರಣೀತಾಳ ಎದೆಗವಚಿದ ಪೆಟ್ಟಿಗೆಗೆ. ವಯರು ಎಳೆಯಬಾರದೆಂದು ಇಬ್ಬರೂ ಒಂದೇ ಹೆಜ್ಜೆ ಇಡಬೇಕಿತ್ತು.

ಕುಂದಾಪುರದಲ್ಲಿ ಬಸ್ಸಿನ ಕಂಡಕ್ಟರ್ ಅಡ್ಡ ಬಂದ.

"ಹ್ವಾಯ್ ಗುಲಾಬಕ್ಕ, ಎಕ್ಸ್‌ಪ್ರೆಸ್ಸಿಗ್ ಮೀನ್ ಹತ್ಸುಕಾಗ. ಹಿಂದೆ ಲೋಕಲ್ ಇತ್ತ್ ಕಾಣಿ."

"ಮೀನಲ್ಲ ಮಗಾ. ನನ್ ಮಗ ಇದಾ ಇದ್ರಂಗೆ. ಟಿಕೆಟ್ ಬೇಕಾರೆ ಮೂರ್ ಕೊಡ್."

ಕಂಡಕ್ಟರ್ ಬುಟ್ಟಿ ನೋಡಿದ, ಇಬ್ಬರ ಮುಖ ನೋಡಿದ. ಅವನಿಗೇನು ಅರ್ಥವಾಯಿತೋ, ಮುಂದಿನ ಸೀಟಿನ ಇಬ್ಬರನ್ನು ಎಬ್ಬಿಸಿದ. ಟಿಕೆಟ್ ಎರಡೇ ಹರಿದ.

ಕೋಟ ದಾಟಿತು, ಸಾಲಿಗ್ರಾಮ ದಾಟಿತು. ಪ್ರಣೀತಾಳ ಮಡಿಲಲ್ಲಿ ಪೆಟ್ಟಿಗೆ ಬೆಚ್ಚಗಿತ್ತು. ಹೊಂಡಕ್ಕೆ ಬಸ್ಸು ಹಾರಿದಾಗೆಲ್ಲ ಅವಳು ಬಗ್ಗಿ ಕಿವಿಯಿಟ್ಟು ಫ್ಯಾನಿನ ಸದ್ದು ಕೇಳಿದಳು. ಇದ್ದಾನೆ. ಇನ್ನೂ ಇದ್ದಾನೆ.

ಬ್ರಹ್ಮಾವರದಲ್ಲಿ ಜಿತೇಂದ್ರನ ಮನೆ ಅಂಗಡಿಯ ಹಿಂದೆಯೇ. ಫೋನಿನಲ್ಲಿ ವಿಷಯ ಕೇಳಿದ್ದ ಅವನು ಬಾಗಿಲಲ್ಲೇ ನಿಂತಿದ್ದ. ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿದ. ಸಮುದ್ರ ಬಂತು, ದೋಣಿ ಬಂತು, ಎದುರಿಗೆ ಬಂದರು. ಸ್ವಾತಿ ಒಳಗಿನಿಂದ ಬಂದು ನಿಂತಳು. ಪ್ರಣೀತಾಳಿಗಿಂತ ಎರಡು ಮೂರು ವರ್ಷ ಚಿಕ್ಕವಳು.

"ನಂಗ್ ಬಂದ್ ಮಾಡುಕ್ ಆತಿಲ್ಲ ಸ್ವಾತಿ," ಎಂದಳು ಪ್ರಣೀತಾ. "ಇದ್ ನಿಮ್ದ್. ನಿಮ್ ಪ್ರಯಾಣ ಹಾಂಗೇ ಇತ್ತ್, ಅವ್ರ್ ಮುಟ್ಲಿಲ್ಲ. ನೀವೇ ಬಂದ್ ಮಾಡಿ. ನಾ ಹೊರ್ಗ್ ನಿಂತ್ಕಂತೆ."

ಜಿತೇಂದ್ರ ಮುಖ ಒರೆಸಿಕೊಂಡ.

"ಅತ್ತಿಗೆ, ನಾ ಕೊಡುವತ್ತಿಗೆ ಒಂದ್ ಮಾತ್ ತಮಾಷಿಗ್ ಹೇಳಿದ್ದೆ. ಸ್ವಾತಿದ್ ಅಳ್ಸಿರೆ ನಂಗ್ ಊಟ ಇಲ್ಲ ಅಂದೆ. ಅಷ್ಟೇ. ನಂಗದ್ ಮರ್ತೇ ಹೋಯ್ತ್. ಬೋಟಿಗ್ ಹೋಪು ಮುಂಚಿನ ದಿನ ಅವ ಫೋನ್ ಮಾಡಿದ."

ಪ್ರಣೀತಾ ಹೊರಟವಳು ನಿಂತಳು.

"ಸ್ವಾತಿದ್ ಅಳಿಯದೆ ಒಳ್ಗ್ ಹೋಪು ದಾರಿ ಇತ್ತಾ ಅಂದ್ ಕೇಂಡ. ಇಲ್ಲ ಅಂದೆ. ಹೋಯ್ಕ್ ಮಾರಾಯ, ಒಂದ್ಸಲ ಆದ್ರೂ ಪ್ರಣೀತಾಳ ಎದ್ರಿಗ್ ಒಳ್ಗ್ ಹೋಯ್ಕ್ ಅಂದ. ನಂಗ್ ಮನಿಗ್ ಬಪ್ಪುದಂದ್ರೆ ಎಷ್ಟ್ ಆಸಿ ಅಂದ್ ಅವ್ಳಿಗ್ ಗೊತ್ತೇ ಇಲ್ಲ ಅಂದ. ಈ ಸಲ ಬಂದ್ಕಂಡ್ ಸ್ವಾತಿ ಹತ್ರ ಕೇಂತೆ, ಅಲ್ಲಿವರಿಗ್ ಹೊರ್ಗೇ ಇರ್ಲಿ ಅಂದ."

ಪ್ರಣೀತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಹಿಂದೆ ಗುಲಾಬಿ ಗೋಡೆಗೆ ಒರಗಿದರು.

ಸ್ವಾತಿ ಪರದೆಯ ಮೂಲೆಯ ಸಣ್ಣ ಅಕ್ಷರಗಳನ್ನು ನೋಡುತ್ತಿದ್ದಳು. ತನ್ನ ಹೆಸರು. ಮೂರು ವರ್ಷದ ಸಂಜೆಗಳು. ಹುಡುಕಿ ಗುರುತು ಹಾಕಿದ ದ್ವೀಪಗಳು. ಒಂದು ಗಳಿಗೆ ಅವಳ ಮುಖದಲ್ಲಿ ಆಸೆ ಕಾಣಿಸಿತು. ಕಾಣಿಸಿದ್ದನ್ನು ಅವಳು ಮುಚ್ಚಿಡಲೂ ಇಲ್ಲ. ಆಮೇಲೆ ಕಂಟ್ರೋಲರ್ ಎತ್ತಿಕೊಂಡು ಚಾಪೆಯ ಮೇಲೆ ಕುಳಿತಳು.

"ಹೊರ್ಗ್ ಹೋಪುದ್ ಬ್ಯಾಡ ಅಕ್ಕ. ಇಲ್ಲೇ ಕೂಕಣಿ. ಅಣ್ಣ ಕೇಂಬುಕಿದ್ದದ್ದ್ ನನ್ ಹತ್ರ ಅಲ್ದಾ? ನಾ ಅಡ್ಡಿಲ್ಲ ಅಂದೆ."

ಪ್ರಣೀತಾ ತಡೆಯಲು ಕೈ ಚಾಚಿದಳು. ಸ್ವಾತಿ ಆಗಲೇ ಗುಂಡಿ ಒತ್ತಿ, ಕೈ ಬಿಟ್ಟು, ತುಟಿಯಲ್ಲೇ ನಾಲ್ಕು ಎಣಿಸುತ್ತಿದ್ದಳು. ಮೂರು ವರ್ಷ ಪಳಗಿದ ಕೈ. ದೋಣಿ ತೆರೆಯ ನೆತ್ತಿಗೇರಿತು, ಓಲಿತು, ಎರಡು ಬಂಡೆಗಳ ನಡುವೆ ಹಗುರವಾಗಿ ಒಳಗೆ ಜಾರಿತು.

ನೀರು ಸಮತಟ್ಟಾಯಿತು. ದೋಣಿ ಕಟ್ಟೆಗೆ ತಾಗಿತು. ಚುಕ್ಕಾಣಿಯವನು ಇಳಿದು ಇವರ ಕಡೆ ತಿರುಗಿದ. ಎರಡು ಕಣ್ಣು ಎರಡು ಎತ್ತರದಲ್ಲಿ, ಮೀಸೆಯ ಒಂದು ತುದಿ ಕೆನ್ನೆ ಬಿಟ್ಟು ಗಾಳಿಯಲ್ಲಿ. ಅದನ್ನೂ ಸರಿಯಾಗಿ ಮಾಡಿರಲಿಲ್ಲ ಪುಣ್ಯಾತ್ಮರು.

ಗುಲಾಬಿ ಹತ್ತಿರ ಬಂದು ನೋಡಿದರು.

"ನನ್ ಮಗ ಇದ್ಕಿಂತ ಚಂದ ಇದ್ದ."

ಪ್ರಣೀತಾ ನಕ್ಕಳು. ನಗುತ್ತಲೇ ಅತ್ತಳು. ಗುಲಾಬಿಯ ಭುಜಕ್ಕೆ ಹಣೆಯಿಟ್ಟು, ಅವನು ಹೋದ ದಿನದಿಂದ ಹೇಳಲಾಗದೆ ಉಳಿದಿದ್ದನ್ನು ಹೇಳಿದಳು. ನಾನು ತಪ್ಪು ತಿಳಿದೆ. ಬನ್ನಿ. ಬಂದಿರಲ್ಲ, ಸಾಕು.

ಪ್ರಯಾಣ ಉಳಿಯಿತೆಂದು ಪರದೆ ಹೇಳಿತು. ಸ್ವಾತಿಯ ಹೆಸರಿದ್ದ ಜಾಗದಲ್ಲಿ ರತನ್ ಎಂದಿತ್ತು.

ಪ್ರಣೀತಾ ಎದ್ದು ಪೆಟ್ಟಿಗೆಯ ಹತ್ತಿರ ಕುಳಿತಳು. ಗುಂಡಿ ಒತ್ತಿದಳು. ಫ್ಯಾನು ನಿಧಾನವಾಗಿ ನಿಂತಿತು. ಒಂದೊಂದೇ ವಯರು ಬಿಡಿಸಿ ಸುತ್ತಿದಳು. ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಸ್ವಾತಿಗೆ ಕೊಟ್ಟಳು.

ಸ್ವಾತಿ ಅದನ್ನು ಮಗುವಿನ ಹಾಗೆ ಎತ್ತಿಕೊಂಡಳು.

"ನಾ ಇದ್ನ ಮುಟ್ಟುದಿಲ್ಲ ಅಕ್ಕ. ಅಣ್ಣಂದ್ ಹಾಂಗೇ ಇರ್ಲಿ. ಕಾಂಬುಕ್ ಮನ್ಸಾದಾಗ ಬನ್ನಿ."

"ಬ್ಯಾಡ ಸ್ವಾತಿ," ಎಂದಳು ಪ್ರಣೀತಾ. ಅವಳ ಕೈ ಇನ್ನೂ ಪೆಟ್ಟಿಗೆಯ ಮೇಲಿತ್ತು. "ನೀವ್ ಹೊಸ್ತಾಗಿ ಶುರು ಮಾಡಿ. ಬಂದರಿಗ್ ಹೋಯ್ನಿ, ಅವ್ರ್ ಹೆಸ್ರ್ ಅಳ್ಸಿ ಹೋದ್ರೆ ಹೋಯ್ಲಿ."

"ಅಕ್ಕ..."

"ಅವ್ರ್ ಮನಿಗ್ ಬಂದಾಯ್ತಲೆ."

ಅವಳು ಕೈ ತೆಗೆದಳು.